ಮೊಟ್ಟೆಯಲ್ಲಿ ಮಾಡಿದ ಅಜ್ಜಿ

ನಮ್ಮ ಚಿಕ್ಕಪ್ಪ ವಾರಕ್ಕೆ ಮೂರು ಡಜನ್ ಮೊಟ್ಟೆ ತರುತ್ತಾರೆ. ಹುಟ್ಟಿದಾರಭ್ಯ ಒಂದನ್ನೂ ತಿಂದವರಲ್ಲ! ಜೀವನ್ ಬಿಮಾ ನಗರದ ನಮ್ಮ ರಸ್ತೆಯಲ್ಲಿ ಈ ಮಾತನ್ನು ನಂಬುವವರು ಯಾರೂ ಇಲ್ಲ. ಈರುಳ್ಳಿ ಹೆಚ್ಚುವುದಕ್ಕೂ ಪಂಚಾಂಗ ನೋಡುವ ಮನೆಗೆ ಟ್ರೇಗಟ್ಟಲೆ ಮೊಟ್ಟೆ ಬಂದರೆ ನೀವಾದರೂ ನಂಬುತ್ತೀರಾ?

ಚಿಕ್ಕಪ್ಪ ಫೋಟೊಗ್ರಾಫರ್. ಮೊಬೈಲಿನಲ್ಲಿ ಕ್ಲಿಕ್ಕಿಸುವ ನಿಮ್ಮ ನನ್ನಂಥ ಪಾಮರರಲ್ಲ, ಕಲಾವಿದರು! ಮೊಟ್ಟೆಯ ಬಿಳಿಯನ್ನು ಕಡೆದು ಕಾಗದಕ್ಕೆ ಬಳಿದು, ಒಣಗಿದ ಮೇಲೆ ಬೆಳ್ಳಿಯ ದ್ರಾವಣ ಸವರಿ, ನೆಗೆಟಿವ್ ಹೊದಿಸಿ ತಾರಸಿಯ ಬಿಸಿಲಿಗೆ ಇಡುತ್ತಾರೆ. ಮುತ್ತಜ್ಜನ ಕಾಲದ ಕಂದು ಬಣ್ಣದ ಫೋಟೊ ಮೂಡುತ್ತದೆ. ಮೋಡ ಕವಿಯಿತೋ, ಮನೆಮಂದಿಯೆಲ್ಲ ಬೈಸಿಕೊಳ್ಳಬೇಕು.

ಶಿವಾಜಿನಗರದ ಮೊಟ್ಟೆ ಅಂಗಡಿಯ ಸಾಹೇಬರು ಒಮ್ಮೆ ಚಿಕ್ಕಪ್ಪನ ಕಡ್ಡಿ ತೋಳು ನೋಡಿ ಕೇಳಿಯೇಬಿಟ್ಟರು: "ಜಿಮ್ಮಾ ಸಾರ್?"

"ಅಲ್ಲ ಸಾಬ್ರೇ, ಫೋಟೊಗೆ."

"ಅರೇ, ಮೊಟ್ಟೆ ಫೋಟೊ ತೆಗಿಯೋಕೆ ಒಂದು ಸಾಕಲ್ವಾ ಸಾರ್?"

ಉಳಿದ ಹಳದಿಯನ್ನು ಡಬ್ಬಿಯಲ್ಲಿ ತುಂಬಿ ಕಮ್ಮನಹಳ್ಳಿಯ ಬೇಕರಿಗೆ ಕೊಟ್ಟು ಬರುತ್ತಾರೆ. ಬೇಕರಿಯವರು ಪ್ರೀತಿಯಿಂದ ಕೇಕ್ ಕೊಟ್ಟರೆ, "ಅಯ್ಯೋ, ನಾವು ಮೊಟ್ಟೆ ತಿನ್ನಲ್ಲಪ್ಪ" ಅನ್ನುತ್ತಾರೆ!

ಟ್ರಾಫಿಕ್ ಜಾಮಿಗೆ ಹೆಸರಾದ ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ ಮರದ ಕ್ಯಾಮೆರಾ ನಿಲ್ಲಿಸಿ ಎರಡು ನಿಮಿಷ ಲೆನ್ಸ್ ತೆರೆದಿಟ್ಟದ್ದೂ ಉಂಟು. ನಡೆದು ಹೋದ ಜನರೆಲ್ಲ ಫೋಟೊದಿಂದ ಮಾಯ. ಬಸ್ಸುಗಳು ಮಾತ್ರ ಒಂದೊಂದೂ ಸ್ಪಷ್ಟವಾಗಿ ಬಂದಿದ್ದವು.

ಹೋದ ವರ್ಷ ಅಜ್ಜಿ ತೀರಿಕೊಂಡರು. ಮೊದಲ ವರ್ಷದ ತಿಥಿಗೆ ತಾವು ಮಾಡಿದ ಅಮ್ಮನ ಫೋಟೊವನ್ನೇ ಇಡಬೇಕೆಂದು ಚಿಕ್ಕಪ್ಪನ ಹಟ. ದೊಡ್ಡಪ್ಪ ಕೆಂಡವಾದರು.

"ಲೋ, ಜನ್ಮದಲ್ಲಿ ಬೆಳ್ಳುಳ್ಳಿ ಮುಟ್ಟಿದೋಳಲ್ಲ ಅಮ್ಮ. ಅವಳನ್ನ ಮೊಟ್ಟೇಲಿ ಮಾಡ್ತೀಯಾ?"

"ಅಮ್ಮನಿಗೆ ಅಂತ ನಾನು ಮಾಡಿರೋದು ಅದೊಂದೇ ಅಣ್ಣ."

"ಹೊರಗೆ ತಂದ್ರೆ ನೋಡು!"

ಚಿಕ್ಕಪ್ಪ ರೂಮಿಗೆ ಹೋಗಿ ಫೋಟೊವನ್ನು ಬೀರುವಿನಲ್ಲಿಟ್ಟರು.

ತಿಥಿಯ ದಿನ ದೊಡ್ಡಪ್ಪ ಸ್ಟುಡಿಯೋದಲ್ಲಿ ಮಾಡಿಸಿದ ಫೋಟೊ ಬಂತು. ಕಂಪ್ಯೂಟರಿನವನು ಸುಕ್ಕುಗಳನ್ನೆಲ್ಲ ಒರೆಸಿ, ಕೆನ್ನೆಗೆ ಗುಲಾಬಿ ಬಣ್ಣ ಹಚ್ಚಿ, ಅಜ್ಜಿಯ ಹಿಂದೆ ಒಂದು ಜಲಪಾತವನ್ನೂ ಹರಿಸಿದ್ದ! ಪುರೋಹಿತರು ಕನ್ನಡಕ ಸರಿಮಾಡಿಕೊಂಡು, "ಇವರು ನಿಮ್ಮ ತಂಗಿಯೋ?" ಎಂದರು.

ಹಾರ ಹಿಡಿದಿದ್ದ ದೊಡ್ಡಪ್ಪ ಆ ಫೋಟೊವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮನ ಕಡೆ ತಿರುಗದೆಯೇ, "ನಿಂದು ಎಲ್ಲಿಟ್ಟಿದೀಯೋ? ತಗೊಂಡ್ಬಾ" ಎಂದರು.

ಚಿಕ್ಕಪ್ಪ ತಂದರು. ಕಂದು ಬಣ್ಣದ ಪುಟ್ಟ ಕಾಗದ. ಅದರಲ್ಲಿ ಅಜ್ಜಿಯ ಅಷ್ಟೂ ಸುಕ್ಕು, ಮುರಿದ ಮುಂದಿನ ಹಲ್ಲು, 'ಒಲೆ ಮೇಲೆ ಹಾಲಿದೆ, ಬೇಗ ತೆಗಿಯೋ' ಎಂದು ಗದರುವ ಕಣ್ಣು. ದೊಡ್ಡಪ್ಪನ ಕೈಯಿಂದ ಹಾರ ಜಾರಿತು. "ಬಂದ್ಲು ಕಣೋ ಅಮ್ಮ" ಎನ್ನುತ್ತಾ, ಮೊಟ್ಟೆ ಕಡೆದ ಆ ಕೈಗಳನ್ನು ಮಡಿಯಲ್ಲೇ ಹಿಡಿದುಕೊಂಡು ಅತ್ತುಬಿಟ್ಟರು.