ಇನ್ನೊಂದು ಹಾಕಿಸ್ಕೊಳಣ್ಣ

ನನಗೆ ಬರುವ ವಿದ್ಯೆಗಳು ಎರಡೇ. ಒಂದು, ಆಫೀಸಿನ ತಿರುಗುವ ಕುರ್ಚಿಗಳನ್ನು ರಿಪೇರಿ ಮಾಡುವುದು. ಇನ್ನೊಂದು, ಊಟಕ್ಕೆ ಕೂತವರಿಗೆ ಬಲವಂತ ಮಾಡುವುದು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದ್ದರಿಂದ ಮೊದಲನೆಯದನ್ನು ಹೊಟ್ಟೆಪಾಡಿಗೆಂದು ಅವರಿವರ ಬೈಗುಳ ತಿಂದು ಕಲಿತೆ. ಎರಡನೆಯದನ್ನು ಮಾತ್ರ ನಮ್ಮಪ್ಪ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಉಣ್ಣುವವರು ಮೂರು ಸಲ ಬೇಡ ಅನ್ನುತ್ತಾರೆ ಎಂಬುದು ಅವರ ಪಾಠ. ಮೊದಲನೆಯ ಬೇಡ ಮರ್ಯಾದೆಗೆ ಹೇಳುವುದು, ಅದನ್ನು ಕಿವಿಗೇ ಹಾಕಿಕೊಳ್ಳಬಾರದು. ಎರಡನೆಯದು ನಾಚಿಕೆಗೆ, ಅದಕ್ಕೆ ನಕ್ಕು ಬಡಿಸಬೇಕು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಹೇಳುವ ಮೂರನೆಯದು ಹೊಟ್ಟೆಯಿಂದ ಬಂದದ್ದು, ಅಲ್ಲಿಗೆ ನಿಲ್ಲಿಸಬಹುದು. ನಾನು ಅಪ್ಪನನ್ನೂ ಮೀರಿಸಿದವನು. ಅಡ್ಡ ಹಿಡಿದ ಬೆರಳುಗಳ ಸಂದಿಯಿಂದಲೂ ತುಪ್ಪ ಇಳಿಸಿದ ಕೈ ಇದು. ತಮಿಳು ಸೀಮೆಯ ಈ ವೇಲಚೇರಿಯ ನಮ್ಮ ಮನೆಗೆ ಮಳೆನೀರು ನುಗ್ಗಿದ ವರ್ಷ, ನನ್ನ ಹೆಂಡತಿ ಗೌರಿ ಮಂಚದ ಮೇಲೆ ಸ್ಟೌ ಇಟ್ಟು ಉಪ್ಪಿಟ್ಟು ಮಾಡಿದಳು. ಮಹಡಿ ಮೆಟ್ಟಿಲ ಮೇಲೆ ಕೂತಿದ್ದ ಪಕ್ಕದ ಮನೆಯವರಿಗೆ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡನೇ ಸಲ ಬಡಿಸಿದೆ. ಆ ಮನೆಯ ಯಜಮಾನರು ಇವತ್ತಿಗೂ ನನ್ನನ್ನು ಕಂಡರೆ ಒಮ್ಮೆ ಹೊಟ್ಟೆ ಸವರಿಕೊಳ್ಳುತ್ತಾರೆ.

ಇಷ್ಟೆಲ್ಲ ಜಂಭ ಕೊಚ್ಚಿಕೊಂಡದ್ದು ಯಾಕೆಂದರೆ, ಈಗ ಎರಡೂ ವಿದ್ಯೆಗಳು ಕೈಬಿಟ್ಟಿವೆ. ಇಲ್ಲೇ ಪಕ್ಕದ ಪೆರುಂಗುಡಿಯ ಕಂಪ್ಯೂಟರ್ ಕಂಪನಿಗಳಲ್ಲಿ ಮಹಡಿ ಮಹಡಿಗೂ ನೂರಾರು ಕುರ್ಚಿಗಳು. ಜನ ಕೂತು ಕೂತು ಅವುಗಳ ಗ್ಯಾಸು ಇಳಿಯಬೇಕು, ಚಕ್ರ ಮುರಿಯಬೇಕು, ಆಗ ನನ್ನ ಮನೆಯ ಒಲೆ ಉರಿಯಬೇಕು. ಈಗ ನೋಡಿದರೆ ಕೂರುವವರನ್ನೇ ಮನೆಗೆ ಕಳಿಸುತ್ತಿದ್ದಾರೆ. ಕೂರುವವರಿಲ್ಲದೆ ಕುರ್ಚಿ ಮುರಿಯುವುದು ಹೇಗೆ? ಮೊನ್ನೆ ಒಂದು ಆಫೀಸಿಗೆ ಹೋದರೆ, ಇಡೀ ಮಹಡಿಯ ಕುರ್ಚಿಗಳು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ಒಂದೊಂದನ್ನೂ ತಿರುಗಿಸಿ ನೋಡಿದೆ. ಎಲ್ಲವೂ ಗಟ್ಟಿಮುಟ್ಟು. ಹಿಂದೆ ನಾನೇ ಅಷ್ಟು ಚೆನ್ನಾಗಿ ರಿಪೇರಿ ಮಾಡಿಟ್ಟಿದ್ದೆ ಎಂದು ನೆನಪಾಗಿ ನನ್ನ ಮೇಲೇ ಸಿಟ್ಟು ಬಂತು.

ಕೆಲಸ ಇಳಿಯುವ ಹೊತ್ತಿಗೇ ದಿನಸಿ ಏರಬೇಕೆ? ನಮ್ಮ ಬೀದಿ ಕೊನೆಯ ಅಂಗಡಿಯ ಅಣ್ಣಾಚ್ಚಿ ಮುಂಚೆಲ್ಲ ಬೆಲೆ ಏರಿದರೆ ತನ್ನದೇ ತಪ್ಪೇನೋ ಎಂಬಂತೆ ತಲೆ ಕೆರೆದುಕೊಂಡು ಹೇಳುತ್ತಿದ್ದ. ಈಗ ತೊಗರಿಬೇಳೆ ಎಷ್ಟೆಂದು ಕೇಳಿದರೆ ಬಾಯೇ ಬಿಡುವುದಿಲ್ಲ, ಗೋಡೆಯ ಹಲಗೆಯತ್ತ ಕೈ ತೋರಿಸಿ ಬೇರೆ ಕಡೆ ನೋಡುತ್ತಾನೆ. ನಮ್ಮ ಮನೆಯ ಹುಳಿ ಹೀಗೇ ಒಂದು ದಿನ ಸಾರಾಯಿತು, ಸಾರು ತಿಳಿಸಾರಾಯಿತು. ತಟ್ಟೆಗೆ ಬಡಿಸಿದರೆ ತಟ್ಟೆಯ ತಳದಲ್ಲಿ ಕೊರೆದಿರುವ ನನ್ನ ಮಾವನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಬಹುದು. ಚಟ್ನಿಯೊಳಗಿನ ಕಾಯಿ ಹೋಗಿ ಹುರಿಗಡಲೆ ಬಂತು. ದೋಸೆ ಹೆಂಚಿಗೆ ಎಣ್ಣೆ ಸುರಿಯುವ ಬದಲು ಗೌರಿ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ತಿಕ್ಕುತ್ತಾಳೆ, ಆ ಈರುಳ್ಳಿಯೇ ಸಂಜೆ ಪಲ್ಯಕ್ಕೂ ಬೀಳುತ್ತದೆ. ಹತ್ತನೇ ಕ್ಲಾಸಿನ ಮಗಳು ಚೈತ್ರಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ದೂರುಗಳನ್ನೆಲ್ಲ ಕೊಡುವುದು ತಮಿಳಿನಲ್ಲೇ. "ಮರುಪಡಿಯುಂ ರಸಮಾ?" ಎಂದು ತಟ್ಟೆ ನೋಡುತ್ತಾಳೆ. ಮತ್ತೆ ಸಾರಾ ಎಂದು ಕನ್ನಡದಲ್ಲಿ ಕೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಅಕ್ಕಿಯದು ಇನ್ನೂ ಅವಮಾನ. ದುಡಿಯುವ ಗಂಡಸಿಗೆ ಬಿಟ್ಟಿ ಅಕ್ಕಿ ಯಾಕೆ ಎಂದು ಇಷ್ಟು ವರ್ಷ ನಮ್ಮ ಕಾರ್ಡಿನ ರೇಷನ್ ಅಕ್ಕಿಯನ್ನು ಎದುರು ಕಟ್ಟಡದ ವಾಚ್‌ಮನ್ನನಿಗೆ ಕೊಡುತ್ತಿದ್ದೆ, ಅದೂ ನಾಲ್ಕು ಜನ ನೋಡುವ ಹಾಗೆ. ಈಗ ಅದನ್ನು ನಾವೇ ಉಣ್ಣುತ್ತೇವೆ. ಅವನು ಏನೂ ಕೇಳಿಲ್ಲ, ಎದುರಿಗೆ ಬಂದರೆ ಈಗಲೂ ಎದ್ದು ನಿಲ್ಲುತ್ತಾನೆ. ನಾನೇ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತೇನೆ.

ಇನ್ನು ಶೇಷಣ್ಣನ ವಿಷಯಕ್ಕೆ ಬರಬೇಕು. ಪಲ್ಲಾವರಂ ಸಂತೆಯಲ್ಲಿ ಹಳೇ ಕುರ್ಚಿ ಚಕ್ರಗಳನ್ನು ಹುಡುಕುತ್ತಿದ್ದಾಗ, ಯಾರೋ ಕಾಲು ತುಳಿದವನಿಗೆ ನಮ್ಮ ಮಂಡ್ಯ ಕಡೆಯ ಬೈಗುಳವೊಂದನ್ನು ಬಿಟ್ಟದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಬೈದವನೇ ಶೇಷಣ್ಣ. ಅವತ್ತಿನಿಂದ ಇಪ್ಪತ್ತು ವರ್ಷ, ಪ್ರತಿ ತಿಂಗಳ ಮೊದಲ ಭಾನುವಾರ ಒಂದು ಸಲ ಅವರ ಮನೆಯಲ್ಲಿ ಊಟ, ಒಂದು ಸಲ ನಮ್ಮ ಮನೆಯಲ್ಲಿ. ಈ ಊರಿನಲ್ಲಿ ನಮಗೆ ಬಂಧು ಬಳಗ ಅಂತಿದ್ದರೆ ಅದು ಆ ಭಾನುವಾರವೇ. ಅವನು ಕಂಪನಿಗಳ ವ್ಯಾನ್ ಡ್ರೈವರ್. ಕುರ್ಚಿಯಲ್ಲಿ ಕೂರುವವರನ್ನು ತಂದು ಬಿಡುವುದು ಅವನ ಕೆಲಸ, ಅವರು ಕೂತು ಮುರಿದದ್ದನ್ನು ಸರಿ ಮಾಡುವುದು ನನ್ನದು. ಎಂದಮೇಲೆ ಅವನ ಸ್ಥಿತಿ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ನಾನು ನನ್ನದನ್ನು ಮುಚ್ಚಿಡುವುದರಲ್ಲೇ ಮುಳುಗಿದ್ದೆ.

ನಮ್ಮ ಸರದಿಯ ಭಾನುವಾರ ಬಂತು. ತಿಳಿಸಾರು ಬಡಿಸಿ ಮಾನ ಕಳೆದುಕೊಳ್ಳುವುದಿಲ್ಲ, ಒಬ್ಬಟ್ಟೇ ಆಗಬೇಕೆಂದು ಹಟ ಹಿಡಿದೆ. ಗೌರಿ ಯಾವ ಡಬ್ಬ ತಡಕಿದಳೋ, ಬೇಳೆ ಬೆಲ್ಲ ಹೊಂದಿಸಿ ಮಾಡಿದಳು. ಮಾಡಿದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದಳು.

"ಹತ್ತೇ ಆಗಿರೋದು. ಐದು ಜನಕ್ಕೆ ತಲೆಗೆರಡು. ನಿಮ್ಮ ನಾಲಗೆ ಇವತ್ತೊಂದಿನ ಬಿಗಿ ಹಿಡ್ಕೊಳಿ."

ಬಲವಂತವನ್ನೇ ಮಾಡದಿದ್ದರೆ ಅವನಿಗೆ ಅನುಮಾನ ಬರುತ್ತದೆ ಎಂದು ನಾನು ವಾದಿಸಿದೆ. ಬೇಡ ಅನ್ನುವುದರಲ್ಲಿ ಶೇಷಣ್ಣ ನನಗಿಂತ ಪಳಗಿದವನು, ಎರಡು ಸಲ ಖಂಡಿತ ಬೇಡ ಅನ್ನುತ್ತಾನೆ, ಆದ್ದರಿಂದ ಎರಡು ಸಲ ಕೇಳಿ ಮೂರನೆಯದನ್ನು ನುಂಗಿಕೊಳ್ಳುತ್ತೇನೆ ಎಂದೆ. ಮರ್ಯಾದೆಯೂ ಉಳಿಯುತ್ತದೆ, ಒಬ್ಬಟ್ಟೂ ಉಳಿಯುತ್ತದೆ. ಇಂಥ ಲೆಕ್ಕಾಚಾರ ಸ್ಕೂಲಿನಲ್ಲಿ ಮಾಡಿದ್ದರೆ ನಾನು ಎಂಟನೇ ಕ್ಲಾಸಿಗಾದರೂ ಹೋಗಿರುತ್ತಿದ್ದೆ.

ಶೇಷಣ್ಣ ತನ್ನ ಪಾಲಿನ ಎರಡನ್ನು ಮುಗಿಸಿದ. ನಾನು ಗಂಟಲು ಸರಿಮಾಡಿಕೊಂಡೆ.

"ಇನ್ನೊಂದು ಹಾಕಿಸ್ಕೊಳಣ್ಣ."

"ಹಾಕು" ಎಂದ ಶೇಷಣ್ಣ.

ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಬರದ ಮಾತು. ಗೌರಿ ನನ್ನ ಮುಖ ನೋಡಿ, ತನ್ನ ಪಾಲಿನಲ್ಲಿ ಒಂದನ್ನು ಬಡಿಸಿದಳು. ಅಲ್ಲಿಗಾದರೂ ಸುಮ್ಮನಿರಬೇಕಿತ್ತು. ಆದರೆ ಎರಡನೇ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು, ಅಪ್ಪ ಕಲಿಸಿದ್ದಲ್ಲವೇ, ತಾನಾಗಿಯೇ ಹೊರಬಿತ್ತು. ನಾಚ್ಕೋಬ್ಯಾಡ, ಇನ್ನೂ ಒಂದು ಎಂದೆ. ಹೂಂ, ಹಾಕು ಹಾಕು ಎಂದ. "ಪೋದುಂಪ್ಪಾ" ಎಂದು ಚೈತ್ರ ಮೆಲ್ಲಗೆ ಹೇಳಿದಳು. ಸಾಕಪ್ಪಾ ಎಂದು ಆ ಮಗು ಹೇಳಿದ್ದು ಅವನಿಗಲ್ಲ, ನನಗೆ. ಶೇಷಣ್ಣನ ಹೆಂಡತಿ ಪುಟ್ಟಮ್ಮತ್ತಿಗೆ ತಲೆ ಎತ್ತಲಿಲ್ಲ. ಒಬ್ಬಟ್ಟು ತಟ್ಟೀ ತಟ್ಟೀ ವಾಸನೆಗೇ ಹೊಟ್ಟೆ ತುಂಬಿಹೋಗಿದೆ ಎಂದು ಗೌರಿ ಸಾರನ್ನ ಉಂಡಳು.

ಅವರನ್ನು ಬಸ್ಸು ಹತ್ತಿಸಿ ಬಂದು ಗೌರಿಯ ಬೈಗುಳಕ್ಕೆ ತಯಾರಾಗಿ ಕೂತೆ. ಬೈದಿದ್ದರೆ ಚೆನ್ನಾಗಿತ್ತು. ಪಾತ್ರೆ ತೊಳೆಯುತ್ತಾ ಅವಳು ಹೇಳಿದ್ದು ಇಷ್ಟೇ: "ಅವರ ಮನೇಲಿ ಸಿಹಿ ಅಂತ ಮಾಡಿ ಎಷ್ಟು ತಿಂಗಳಾಗಿತ್ತೋ ಏನೋ."

ಮುಂದಿನ ತಿಂಗಳು ಪಲ್ಲಾವರಂನ ಶೇಷಣ್ಣನ ಮನೆಗೆ ಹೋದೆವು. ಬೆಳಗ್ಗೆ, ಭಾನುವಾರವೂ ತೆರೆದಿರುವ ಒಂದು ಆಫೀಸಿಗೆ ಕೆಲಸ ಕೇಳಲು ಹೋಗಿದ್ದ ನಾನು ತಿಂಡಿಯನ್ನೂ ತಿಂದಿರಲಿಲ್ಲ, ಕೆಲಸವೂ ಸಿಕ್ಕಿರಲಿಲ್ಲ. ಬಿಸಿ ಅನ್ನ, ನುಗ್ಗೇಸೊಪ್ಪಿನ ಸಾರು. ಸೊಪ್ಪು ಹಿತ್ತಲ ಮರದ್ದು ಎಂದು ಶೇಷಣ್ಣ ಎರಡೆರಡು ಸಲ ಹೇಳಿದ. ಮೊದಲು ಬಡಿಸಿದ್ದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಪುಟ್ಟಮ್ಮತ್ತಿಗೆ ಅನ್ನದ ಪಾತ್ರೆ ಹಿಡಿದು ಬಂದು, ಇನ್ನೊಂದು ಚೂರು ಹಾಕಲೇ ಎಂದು ಕೇಳಿದರು. ನಾನು ಮರ್ಯಾದಸ್ಥ. ಬ್ಯಾಡ ಅತ್ತಿಗೆ ಎಂದೆ, ಮೊದಲನೆಯ ಬೇಡ, ಕಿವಿಗೇ ಹಾಕಿಕೊಳ್ಳಬಾರದ್ದು.

"ಸರಿ ಹಂಗಾದ್ರೆ" ಎಂದು ಅತ್ತಿಗೆ ಪಾತ್ರೆಯ ಮುಚ್ಚಳ ಮುಚ್ಚಿದರು.

ಶೇಷಣ್ಣ ತಟ್ಟೆಯಲ್ಲಿ ಇಲ್ಲದ ಕರಿಬೇವನ್ನು ಹುಡುಕತೊಡಗಿದ. ಮುಚ್ಚುವಾಗ ಪಾತ್ರೆಯ ತಳದಲ್ಲಿ ಒಂದು ಹಿಡಿ ಅನ್ನ ಕಣ್ಣಿಗೆ ಬಿದ್ದಿತ್ತು. ಅತ್ತಿಗೆ ಇನ್ನೂ ಊಟಕ್ಕೆ ಕೂತಿರಲಿಲ್ಲ. ನನ್ನ ಹೊಟ್ಟೆಯಿಂದ ಎರಡನೆಯ ಬೇಡ, ಮೂರನೆಯ ಬೇಡ ಎಲ್ಲ ಒಟ್ಟಿಗೇ ಬಂದವು. ಕೇಳುವವರಿಲ್ಲದೆ ಒಳಗೇ ಉಳಿದವು. ಕೈ ತೊಳೆಯಲು ಎದ್ದೆ.

ಈ ತಿಂಗಳು ಅವರು ನಮ್ಮಲ್ಲಿಗೆ ಬರಬೇಕು. ನಿನ್ನೆ ಶೇಷಣ್ಣ ಫೋನ್ ಮಾಡಿದ. ಈ ಭಾನುವಾರ ಬ್ಯಾಡ ಕಣೋ ನಂಜುಂಡ, ಒಂದು ಸ್ವಲ್ಪ ಕೆಲಸ ಅದೆ ಎಂದ. ಭಾನುವಾರ ಅವನಿಗೆ ಯಾವ ಕೆಲಸವೂ ಇಲ್ಲ, ಸೋಮವಾರವೂ ಇಲ್ಲ. ಹೇಳಿ ಮುಗಿಸಿದ ಮೇಲೂ ಅವನು ಫೋನ್ ಇಡದೆ ಕಾಯುತ್ತಿದ್ದ, ಉಸಿರು ಕೇಳಿಸುತ್ತಿತ್ತು. ಬೇಡಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದು ಮೊದಲನೆಯ ಬೇಡ. ಚಿಕ್ಕ ಮಗುವಿಗೂ ಗೊತ್ತಾಗುವಂಥದ್ದು.

"ಸರಿ ಹಂಗಾದ್ರೆ ಶೇಷಣ್ಣ" ಎಂದೆ. ಎಂದ ಕೂಡಲೇ ಎದೆ ಹಗುರವಾದದ್ದು ನಿಜ, ಅದನ್ನೂ ಹೇಳಿಬಿಡುತ್ತೇನೆ.

ಗೌರಿ ಅಲ್ಲೇ ಎರಡು ಮಾರು ದೂರದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಏನಂತೆ ಎಂದಳು. ಬರುವುದಿಲ್ಲವಂತೆ ಎಂದೆ.

"ಬಲವಂತ ಮಾಡಿದ್ರಾ?"

"ಮಾಡ್ದೆ" ಎಂದೆ. "ಮೂರು ಸಲ."

ಅವಳು ಇನ್ನೊಂದು ಕಂತೆ ಸೊಪ್ಪು ಬಿಚ್ಚಿದಳು.