ನಮ್ಮ ಮನೆಯಲ್ಲಿ ಏನೂ ಬೀಳುವುದಿಲ್ಲ

ನಗು ಬರುವಂಥದ್ದು ನಮ್ಮ ಮನೆಯಲ್ಲಿ ಆಗಾಗ ನಡೆಯುತ್ತಲೇ ಇರುತ್ತದೆ. ಆದರೆ ಪ್ರತಿಯೊಂದೂ ಮೊದಲು ಎದೆ ಝಲ್ ಎನ್ನಿಸಿ, ಆಮೇಲೆ ನಗಿಸುತ್ತದೆ.

ಹೋದ ವರ್ಷ ಅಮ್ಮ ಬಚ್ಚಲುಮನೆಯಲ್ಲಿ ಜಾರಿದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ನಾನು ಲಗ್ಗೆರೆಯ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತೇನೆ. ‘ಬೀಳು’ ಎಂಬ ಕ್ರಿಯಾಪದ ಅಂದಿನಿಂದ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ಎಂಬತ್ತು ದಾಟಿದ ಅಪ್ಪ. ಅವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅವರು ನೀರು ಕುಡಿಯಲು ಎದ್ದರೂ ನಾನು ಹಿಂದೆಯೇ ಎದ್ದು ನಿಲ್ಲುತ್ತಿದ್ದೆ.

ಕೊನೆಗೆ ಫಿಸಿಯೋಥೆರಪಿ ಹುಡುಗಿಯೊಬ್ಬಳ ಬಳಿ ಅಪ್ಪನನ್ನು ಕರೆದೊಯ್ದೆ. ಕಾಲಿಗೆ ಬಲ ಬರಲು ನಾಲ್ಕು ಸುಲಭ ವ್ಯಾಯಾಮ ಹೇಳಿಕೊಟ್ಟಳು. ಹೊರಡುವಾಗ ನನ್ನನ್ನು ನೋಡಿ, “ಕಾಲು ಗಟ್ಟಿಯಾದ್ರೆ ಅರ್ಧ ಭಯ ಹೋಗತ್ತೆ ಮೇಡಂ. ಇನ್ನರ್ಧ ತಾತಂದಲ್ಲ, ನಿಮ್ದು. ಅದಕ್ಕೆ ನನ್ಹತ್ರ ವ್ಯಾಯಾಮ ಇಲ್ಲ” ಎಂದಳು.

ಅಲುಗಾಡದ ವಸ್ತು

ಮೊದಲನೆಯದು, ಏನನ್ನಾದರೂ ಹಿಡಿದುಕೊಂಡು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು. ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಿಡಿದರು. ಹಿಮ್ಮಡಿ ಎತ್ತಿದ್ದೇ ತಡ, ಕುರ್ಚಿ ನೆಲದ ಮೇಲೆ ಸರ್ರನೆ ಮುಂದೆ ಹೋಯಿತು. ನಾನು ಚೀರಿದೆ. ಅಪ್ಪ ಹೇಗೋ ಗೋಡೆ ಹಿಡಿದು ನಿಂತರು.

“ಅಲುಗಾಡದೇ ಇರೋದನ್ನ ಹಿಡ್ಕೋಬೇಕು ಅಂತ ಆ ಹುಡುಗಿ ಹೇಳಿರ್ಲಿಲ್ವಾಪ್ಪ?” ಎಂದು ಗದರಿದೆ.

ಅಪ್ಪ ಸುತ್ತಲೂ ನೋಡಿದರು. ಟೀಪಾಯಿ ನೋಡಿದರು, ಕಿಟಕಿ ನೋಡಿದರು. ಆಮೇಲೆ ಬಂದು ನನ್ನ ಎರಡೂ ಭುಜ ಹಿಡಿದುಕೊಂಡು ಹಿಮ್ಮಡಿ ಎತ್ತಿದರು.

“ಇದೇನಪ್ಪ?”

“ಒಂದು ವರ್ಷದಿಂದ ಈ ಮನೇಲಿ ಅಲುಗಾಡದೇ ನಿಂತಿರೋದು ನೀನೊಬ್ಳೇ ಕಣಮ್ಮ.”

ಗೆರೆ

ಇನ್ನೊಂದು ವ್ಯಾಯಾಮದಲ್ಲಿ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಅಂಟಿಸಿ ನಡೆಯಬೇಕು. ಶಾಲೆಯ ಸೀಮೆಸುಣ್ಣ ತಂದು ವರಾಂಡದಲ್ಲಿ ಗೋಡೆಯ ಪಕ್ಕ ಗೆರೆ ಎಳೆದೆ. ಅಪ್ಪ ಒಂದು ಕಣ್ಣು ಮುಚ್ಚಿ ನೋಡಿ, “ಸೊಟ್ಟ ಇದೆ. ರಿಜೆಕ್ಟ್” ಎಂದರು. ದಾರ ಕಟ್ಟಿ ಎರಡನೇ ಗೆರೆ ಎಳೆದ ಮೇಲೇ ಕಾಲಿಟ್ಟಿದ್ದು.

ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಗಾಳಿಯಲ್ಲಿ. ಅಪ್ಪ ತೂಗಾಡುತ್ತ ನಡೆಯುತ್ತಿದ್ದರು. ಹಿಂದೆ ನಾನು ಎರಡೂ ಕೈ ಚಾಚಿಕೊಂಡು, ಉಸಿರು ಬಿಗಿಹಿಡಿದು ಬರುತ್ತಿದ್ದೆ. ಗೇಟಿನ ಹತ್ತಿರ ಹಾಲಿನವನು ಸೈಕಲ್ ನಿಲ್ಲಿಸಿ ಬಾಯಿಬಿಟ್ಟು ನೋಡಿದ.

“ಏನ್ ಸಾರ್, ಬೆಳ್‌ಬೆಳಿಗ್ಗೇನೇ ಹಾಕ್ಕೊಂಡ್‌ಬಿಟ್ಟಿದೀರಾ?”

ಅಪ್ಪ ಗೆರೆಯಿಂದ ಕಣ್ಣು ತೆಗೆಯದೆ, “ಹಾಕ್ಕೊಂಡಿದ್ರೆ ಇಷ್ಟೊತ್ತಿಗೆ ಓಡ್ತಿದ್ದೆ ಕಣಯ್ಯಾ. ಹಾಕ್ಕೊಂಡಿಲ್ವಲ್ಲ, ಅದಕ್ಕೇ ಇಷ್ಟು ಕಷ್ಟ” ಎಂದರು.

ಇಳಿದು ಬಂದ ಮಾವಿನಕಾಯಿ

ಮನೆಯ ಭಯ ಶಾಲೆಗೂ ಬರುತ್ತಿತ್ತು. ಕರಿಹಲಗೆಯ ಮೇಲೆ ‘ಮಳೆ ಸುರಿಯಿತು’ ಎಂದೇ ಬರೆಯುತ್ತಿದ್ದೆ. ಮಕ್ಕಳು ‘ಬಿದ್ದಿತು’ ಎಂದು ಬರೆದರೆ ಕೈ ತಾನಾಗಿಯೇ ಅದನ್ನು ಹೊಡೆದುಹಾಕಿ ಬೇರೆ ಪದ ಬರೆಯುತ್ತಿತ್ತು. ಮಕ್ಕಳು ನಮಗಿಂತ ಚುರುಕು. ಒಂದು ದಿನ ಏಳನೇ ತರಗತಿಯ ಹುಡುಗಿ ಪ್ರಬಂಧದಲ್ಲಿ, ‘ಗಾಳಿ ಬೀಸಿದಾಗ ಮಾವಿನಕಾಯಿಯು ಮರದಿಂದ ಇಳಿದು ಬಂದಿತು’ ಎಂದು ಬರೆದಿದ್ದಳು.

“ಇಳಿದು ಬರೋಕ್ಕೆ ಮಾವಿನಕಾಯಿಗೆ ಕಾಲಿದ್ಯೇನೇ?” ಎಂದೆ.

“ಬೀಳೋಕ್ಕೆ ನೀವು ಬಿಡಲ್ವಲ್ಲ ಮಿಸ್!”

ಅಂದು ಸಂಜೆ ಇದನ್ನು ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು, ಮತ್ತೆ ಕೂತು, ಮತ್ತೆ ಎದ್ದರು. ಅದು ಮೂರನೇ ವ್ಯಾಯಾಮ.

ಬಕೆಟ್ಟು

ಮೊನ್ನೆ ಭಾನುವಾರ ಅಪ್ಪ ಸ್ನಾನಕ್ಕೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಬಚ್ಚಲುಮನೆಯಿಂದ ದಡಾರನೆ ಸದ್ದು.

ಅಮ್ಮ ಜಾರಿದ ದಿನ ಕೇಳಿಸಿದ್ದೂ ಅದೇ ಸದ್ದು.

ಬಾಗಿಲಿನವರೆಗೆ ಹೇಗೆ ಬಂದೆನೋ ತಿಳಿಯದು. “ಅಪ್ಪಾ!” ಎಂದೆ. ಉತ್ತರವಿಲ್ಲ. ಕೇಳಬೇಕಾದ್ದು ಒಂದೇ ಮಾತು. ಆ ಮಾತೇ ಬಾಯಿಗೆ ಬರುತ್ತಿಲ್ಲ. ಬಾಗಿಲು ಬಡಿದೆ. ಮಹಡಿಯ ಮೇಲೆ ಬಾಡಿಗೆಗಿರುವ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಕಲಬುರಗಿ ಕಡೆಯ ಹೆಂಗಸು ಮೆಟ್ಟಿಲಿಳಿದು ಓಡಿಬಂದಳು.

“ಏನಾತ್ರೀ ಅಕ್ಕಾರ? ಏನ್ ಸಪ್ಪಳ ಅದು?”

ನಾನು ಬಾಗಿಲಿನತ್ತ ಕೈ ತೋರಿಸಿದೆ. ಆಗ ಒಳಗಿನಿಂದ ಅಪ್ಪನ ದನಿ ಕೇಳಿಸಿತು.

“ನಾನಲ್ಲಮ್ಮ. ಬಕೆಟ್ಟು.”

“ಬಕೆಟ್ಟಿಗೆ ಏನಾಯ್ತಪ್ಪ?”

ಅಪ್ಪನೂ ಪದ ಹುಡುಕುತ್ತಿದ್ದರು.

“ಬಕೆಟ್ಟು... ಸ್ಟೂಲಿಂದ ಇಳಿದು ಬಂತು.”

“ಮತ್ಯಾಕೆ ಕೂಗಿದ್ರೆ ಮಾತಾಡ್ಲಿಲ್ಲ?”

“ಒಂದು ಕಾಲು ಪೈಜಾಮದೊಳಗಿತ್ತು. ಗೋಡೆಗೆ ನೀನು ಹಾಕ್ಸಿರೋ ಕಂಬಿ ಹಿಡ್ಕೊಂಡು ಒಂಟಿಕಾಲಲ್ಲಿ ನಿಂತಿದ್ದೆ. ನಾಲ್ಕನೇ ವ್ಯಾಯಾಮ! ಅದನ್ನ ಮಾಡುವಾಗ ಮಾತಾಡ್ಬೇಡಿ ಅಂತ ನೀನೇ ತಾನೇ ಹೇಳಿದ್ದು?”

ಮಹಡಿಯವಳು ಬಾಗಿಲನ್ನೂ ನನ್ನನ್ನೂ ನೋಡಿದಳು.

“ಯವ್ವಾ! ಈ ಮನ್ಯಾಗ ಬಕೀಟೂ ವ್ಯಾಯಾಮ ಮಾಡ್ತದೇನ್ರೀ?”

ಮೊದಲು ನಕ್ಕವಳು ಅವಳೋ ನಾನೋ ನೆನಪಿಲ್ಲ. ಅಳು ಬರುವಂತೆ ಶುರುವಾದದ್ದು ನಗುವಾಯಿತು. ಗೋಡೆಗೆ ಒರಗಿದೆ, ಹೊಟ್ಟೆ ಹಿಡಿದುಕೊಂಡೆ, ನಿಲ್ಲಿಸಲಾಗಲಿಲ್ಲ. ಆ ನಗುವಿಗೆ ಕನ್ನಡದಲ್ಲಿ ಇರುವ ಸರಿಯಾದ ಮಾತು ಒಂದೇ. ಎಷ್ಟು ಯೋಚಿಸಿದರೂ ಬದಲಿ ಪದ ಸಿಗಲಿಲ್ಲ, ಬರೆದೇಬಿಡುತ್ತೇನೆ: ಬಿದ್ದು ಬಿದ್ದು ನಕ್ಕೆ.

ಬಾಗಿಲು ತೆರೆಯಿತು. ಪೈಜಾಮ ಹಾಕಿಕೊಂಡು ಎರಡೂ ಕಾಲ ಮೇಲೆ ನೆಟ್ಟಗೆ ನಿಂತ ಅಪ್ಪ ನನ್ನನ್ನು ನೋಡಿ ಗಾಬರಿಯಾದರು.

“ಹುಷಾರು ಕಣಮ್ಮ! ಏನಾದ್ರೂ ಹಿಡ್ಕೊಂಡು ನಗು.”