ಹೊರಡಲು ಹದಿನೈದು ದಿನ

ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನಕ್ಕ ಮೇಲೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ, ಅಷ್ಟೇ. ಇಲ್ಲಿ ಹೇಳುವ ನಾಲ್ಕೂ ಒಬ್ಬಳೇ ಹೆಣ್ಣುಮಗಳಿಗೆ ಸೇರಿದವು. ಶ್ರೀಲಂಕಾದವಳು. ಗಲ್ಫಿನಲ್ಲಿ ಮನೆಗೆಲಸಕ್ಕಿದ್ದಾಗ, ಅಲ್ಲೇ ಡ್ರೈವರಾಗಿದ್ದ ನಮ್ಮ ತಾಲ್ಲೂಕಿನ ಗಂಡಸಿ ಊರಿನ ಕಡೆಯವನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಆಗ ಮಗಳು ಐದನೇ ಕ್ಲಾಸು. ಆಕೆಯ ವೀಸಾ ಮುಗಿದಿತ್ತು. ಪೌರತ್ವ ಸಿಗದಿದ್ದರೆ ಮಗಳನ್ನು ಬಿಟ್ಟು ಹೊರಡಬೇಕಿತ್ತು.

೧. ಹಸಿರು ಇಂಕು

ಜನಸಂಪರ್ಕ ಸಭೆಗೆ ಬಂದ ದೊಡ್ಡ ನಾಯಕರೊಬ್ಬರು ಆಕೆಯ ಅರ್ಜಿಯ ಮೇಲೆ ಹಸಿರು ಇಂಕಿನಲ್ಲಿ ‘ಕೂಡಲೇ ಪೌರತ್ವ ಕೊಡಿ’ ಎಂದು ಬರೆದು ಸಹಿ ಜಡಿದರು. ಚಪ್ಪಾಳೆ ಬಿತ್ತು. ಅರ್ಜಿ ನಮ್ಮ ತಹಶೀಲ್ದಾರರ ಮೇಜಿಗೆ ಬಂತು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಜಾತಿ ಕೊಡ್ತೀನಿ, ಆದಾಯ ಕೊಡ್ತೀನಿ, ವಾಸಸ್ಥಳ ಕೊಡ್ತೀನಿ. ದೇಶ ಕೊಡೋಕೆ ನನ್ನ ಹತ್ರ ಫಾರಂ ಇಲ್ಲ ಕಣ್ರೀ.”

೨. ಮಹಜರು

ಪೌರತ್ವ ಕೊಡುವವರು ದೆಹಲಿಯವರು. ಆಕೆ ಇಲ್ಲೇ ವಾಸವಿದ್ದಾಳೆಂದು ಊರವರಿಂದ ಮಹಜರು ಬರೆಸಿ ಮೇಲಕ್ಕೆ ಕಳಿಸುವುದಷ್ಟೇ ನಮ್ಮ ಕೆಲಸ. ನಾನು ಹಾಳೆಯನ್ನು ಊರವರ ಕೈಗೆ ಕೊಟ್ಟು ಎಳನೀರು ಕುಡಿಯಲು ಹೋದೆ. ವಾಪಸು ಬರುವಷ್ಟರಲ್ಲಿ ಊರಿಗೆ ಊರೇ ಸಹಿ ಹಾಕಿತ್ತು. ಓದದೆ ಸೀಲು ಹಾಕಿದೆ. ಪ್ರೀತಿ ಉಕ್ಕಿದ ಜನ ಅದರಲ್ಲಿ ‘ಈಕೆ ಹುಟ್ಟಿದ್ದೇ ನಮ್ಮೂರಲ್ಲಿ’ ಎಂದು ಬರೆದಿದ್ದರು!

ಜಿಲ್ಲೆಯ ಅಧಿಕಾರಿ ಅದನ್ನು ಆಕೆಯ ಪಾಸ್‌ಪೋರ್ಟಿನ ಪಕ್ಕ ಇಟ್ಟು ನೋಡಿದರು. ‘ಸುಳ್ಳು ದಾಖಲೆ. ಹದಿನೈದು ದಿನದೊಳಗೆ ದೇಶ ಬಿಡತಕ್ಕದ್ದು’ ಎಂದು ನೋಟಿಸು ಹೊರಟಿತು. ಕೊಂಡೊಯ್ದವನು ನಾನೇ. ಆಕೆ ಮಗಳ ಜಡೆ ಹಾಕುತ್ತಿದ್ದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಮೇಲಿನ ಸಿಟ್ಟನ್ನು, ಮಹಜರಿಗೆ ಮೊದಲ ಹೆಬ್ಬೆಟ್ಟು ಒತ್ತಿದ್ದ ಸೂಲಗಿತ್ತಿ ಅಜ್ಜಿಯ ಮೇಲೆ ತೀರಿಸಿಕೊಂಡೆ.

“ಯಾಕಜ್ಜಿ ಸುಳ್ಳು ಬರೆಸಿದ್ರಿ?”

“ಅವಳ ಮಗೂನ ಹೆರಿಗೆ ಮಾಡ್ಸಿದ್ದು ನಾನೇ ಕಣಪ್ಪ. ಅವಳಮ್ಮಂದೂ ಮಾಡ್ಸಿರ್ತಿದ್ದೆ. ದೂರ ಆಯ್ತು.”

೩. ಒಂದೇ ಪ್ರಶ್ನೆ

ಗಂಡ ಹೈಕೋರ್ಟಿಗೆ ಹೋದ. ಕಚೇರಿಯ ಫೈಲು ಹೊತ್ತು ನಾನೂ ಹೋದೆ. ನಮ್ಮ ಸರ್ಕಾರಿ ವಕೀಲರು ಜಿಲ್ಲೆಯ ಅಧಿಕಾರಿಗೆ ಎಷ್ಟು ಅಧಿಕಾರವಿದೆ ಎಂದು ಉದ್ದಕ್ಕೆ ಹೇಳಿದರು. ನ್ಯಾಯಾಧೀಶರು ಕೇಳಿದ್ದು ಒಂದೇ ಮಾತು: “ಅಧಿಕಾರ ಇರಲಿ. ಕಳಿಸೋ ಮುಂಚೆ ಆಕೆಯನ್ನು ಕರೆದು ಕೇಳಿದಿರಾ?”

ವಕೀಲರು ನನ್ನತ್ತ ತಿರುಗಿದರು. ನಾನು ಪಿಸುಗುಟ್ಟಿದೆ: “ಊರೆಲ್ಲ ಕೇಳಿದೀವಿ ಸಾರ್, ಆಕೆಯೊಬ್ಬಳನ್ನ ಬಿಟ್ಟು.”

ಕಾನೂನು ಹೇಳಿದ ದಾರಿ ಬಿಟ್ಟು ಯಾರನ್ನೂ ದಬ್ಬುವ ಹಾಗಿಲ್ಲ, ಕೇಸು ಮುಗಿಯುವವರೆಗೆ ಆಕೆ ಇಲ್ಲೇ ಇರಲಿ ಎಂದು ಆದೇಶವಾಯಿತು. ಹೊರಗೆ ಬಂದು ಗಂಡ ನನ್ನ ಕೈ ಹಿಡಿದು ಅತ್ತ. ನನಗೂ ಅಳು ಬಂತು.

೪. ರಜೆ

ಮುಂದಿನ ವರ್ಷ ಲಂಕೆಯಲ್ಲಿ ಆಕೆಯ ತಾಯಿ ತೀರಿಕೊಂಡರು. ಮಣ್ಣಿಗಂತೂ ಹೋಗಲಾಗಲಿಲ್ಲ, ತಿಥಿಗಾದರೂ ಹೋಗಿ ಬರಬೇಕೆಂದು ಆಕೆ ಜಿಲ್ಲಾ ಕಚೇರಿಗೆ ಬಂದಳು. ಜೊತೆಗೆ ನಾನೂ ಇದ್ದೆ. ಎದುರಿಗೆ ಅದೇ ಅಧಿಕಾರಿ.

“ಎಷ್ಟು ದಿನ?”

“ಹದಿನೈದು ದಿನ ಸಾರ್. ಹೋಗಿ ಬತ್ತೀನಿ. ಮಗಳು ಇಲ್ಲೇ ಇರ್ತಾಳೆ.”

ಅವರು ಫೈಲನ್ನು ಮೂರು ಸಲ ಮಗುಚಿ ಹಾಕಿದರು. “ಕೋರ್ಟಲ್ಲಿ ಕೇಸಿದೆ ತಾಯಿ. ಅದು ಮುಗಿಯೋವರೆಗೆ ದೇಶ ಬಿಟ್ಟು ಹೋಗೋಕೆ ಪರವಾನಗಿ ಕೊಡೋ ಅಧಿಕಾರ ನನಗಿಲ್ಲ.”

ಆಕೆ ಕಣ್ಣೊರೆಸಿಕೊಂಡು, ಚೀಲದಿಂದ ಒಂದು ಹಳೆಯ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ನಾನೇ ಮನೆಗೆ ಒಯ್ದು ಕೊಟ್ಟ ನೋಟಿಸು.

“ಇದನ್ನ ಇನ್ನೂ ಜೋಪಾನವಾಗಿ ಇಟ್ಕೊಂಡಿವ್ನಿ ಸಾರ್. ಇದನ್ನೇ ತೋರ್ಸಿ ಹೋಗ್ಬೋದಾ?”